ತಂತಿಯಲ್ಲಿ ಬಾರದ್ದು ಕಂಬ ಹಿಡಿದು ಬಂತು

ನಮ್ಮ ಶಾಲೆಯ ಸುವರ್ಣ ಮಹೋತ್ಸವ ಸಂಚಿಕೆಗೆ ಒಂದು ಲೇಖನ ಬೇಕೆಂದು ಸಮಿತಿಯವರು ಕೇಳಿದಾಗ ಅದರ ಜೊತೆಗೇ ಒಂದು ಸಲಹೆಯನ್ನೂ ಕೊಟ್ಟರು. "ಹಳೆಯ ಗುರುಗಳ ನೆನಪು, ಹಂಚಿನ ಕಟ್ಟಡದ ನೆನಪು ಬರೆಯುವವರು ಬೇಕಾದಷ್ಟು ಮಂದಿ ಇದ್ದಾರೆ. ನೀವು ನಿಮ್ಮ ಕಸುಬಿಗೆ ಸಂಬಂಧಪಟ್ಟದ್ದನ್ನು ಬರೆಯಿರಿ, ಈಗಿನ ಮಕ್ಕಳಿಗೂ ಉಪಯೋಗವಾಗಲಿ" ಎಂದರು. ನಾನು ವಿದ್ಯುತ್ ಕ್ಷೇತ್ರದಲ್ಲಿ 30 ವರ್ಷಕ್ಕೂ ಹೆಚ್ಚು ಕಾಲ ದುಡಿದು ನಿವೃತ್ತನಾದವನು. ಹಾಗಾಗಿ ಊರಿಗೆ ಬಂದಾಗಲೆಲ್ಲ ಜನ ನನ್ನನ್ನು ಕೇಳುವ ಒಂದು ಪ್ರಶ್ನೆಯನ್ನೇ ಈ ಲೇಖನದ ವಿಷಯವಾಗಿ ಆರಿಸಿಕೊಂಡಿದ್ದೇನೆ.

ಆ ಪ್ರಶ್ನೆ ಹೀಗಿದೆ: "ಕರೆಂಟಿನ ತಂತಿ ಹೇಗಿದ್ದರೂ ಎಲ್ಲ ಮನೆಗೂ ಬಂದಿದೆಯಲ್ಲ ಸಾರ್, ಅದೇ ತಂತಿಯಲ್ಲಿ ಇಂಟರ್‌ನೆಟ್ಟನ್ನೂ ಬಿಟ್ಟರೆ ಆಗುವುದಿಲ್ಲವೇ?"

ಕೇಳುವವರಲ್ಲಿ ಹೆಚ್ಚಿನವರು ಊರ ಹೊರಗೆ ತೋಟದ ಮನೆಗಳಲ್ಲಿ ಇರುವವರು. 2020ರಲ್ಲಿ ಕೋವಿಡ್‌ನಿಂದ ಶಾಲೆಗಳು ಮುಚ್ಚಿದಾಗ ಈ ಪ್ರಶ್ನೆಗೆ ಒಂದು ಸಂಕಟವೂ ಸೇರಿಕೊಂಡಿತು. ಪಟ್ಟಣದ ಮಕ್ಕಳು ಮನೆಯಲ್ಲೇ ಕುಳಿತು ಪಾಠ ಕೇಳುತ್ತಿದ್ದರು. ಹಳ್ಳಿಯ ಮಕ್ಕಳು ಸಿಗ್ನಲ್ ಹುಡುಕಿಕೊಂಡು ಗುಡ್ಡ ಹತ್ತುತ್ತಿದ್ದರು. ಸರ್ಕಾರಿ ಶಾಲೆಗಳ ಮೇಷ್ಟರು, ಮೇಡಂಗಳು ಆ ವರ್ಷ 'ವಿದ್ಯಾಗಮ' ಕಾರ್ಯಕ್ರಮದಲ್ಲಿ ಮರದ ಕೆಳಗೆ, ಗುಡಿಯ ಅಂಗಳದಲ್ಲಿ ಮಕ್ಕಳನ್ನು ಕೂರಿಸಿಕೊಂಡು ಪಾಠ ಮಾಡಿದರು. ಗುಡ್ಡ ಹತ್ತಿದ ಹುಡುಗನ ಮನೆಯಲ್ಲೂ ಬಲ್ಬು ಉರಿಯುತ್ತಿತ್ತು. ಬಲ್ಬಿಗೆ ಬಂದ ತಂತಿ ಪಾಠವನ್ನು ಏಕೆ ತರಲಿಲ್ಲ ಎಂದು ಅವನ ತಾಯಿ ಕೇಳಿದರೆ, ಉತ್ತರ ಕೊಡಬೇಕಾದವರು ನನ್ನಂಥವರೇ.

ಇದೇ ಪ್ರಶ್ನೆಯನ್ನು ಇಂಗ್ಲೆಂಡ್, ಜರ್ಮನಿ, ಅಮೆರಿಕಗಳ ದೊಡ್ಡ ಕಂಪನಿಗಳೂ ಕೇಳಿಕೊಂಡಿವೆ, ಕೋಟ್ಯಂತರ ಹಣ ಸುರಿದು ಪ್ರಯೋಗ ಮಾಡಿವೆ. ಆ ಪ್ರಯೋಗಗಳ ಚರಿತ್ರೆ ಗೊತ್ತಾದರೆ ಉತ್ತರವೂ ಗೊತ್ತಾಗುತ್ತದೆ.

ತಂತಿಯ ಮೇಲೆ ಮಾತು

ವಿದ್ಯುತ್ ತಂತಿಯ ಮೇಲೆ ಸುದ್ದಿ ಕಳಿಸುವುದು ಹೊಸ ವಿದ್ಯೆಯಲ್ಲ. ಅಮೆರಿಕದ ಸೇನಾಧಿಕಾರಿ ಜಾರ್ಜ್ ಓವೆನ್ ಸ್ಕ್ವಯರ್ ಎಂಬುವರು 1910ರ ಸುಮಾರಿಗೇ ಒಂದು ತಂತಿಯ ಮೇಲೆ ಹಲವು ಸಂಕೇತಗಳನ್ನು ಒಟ್ಟಿಗೆ ಕಳಿಸುವ ವಿಧಾನವನ್ನು ತೋರಿಸಿಕೊಟ್ಟಿದ್ದರು. ರೇಡಿಯೊ ಅಲೆಗಳನ್ನು ಗಾಳಿಯಲ್ಲಿ ಬಿಡುವ ಬದಲು ತಂತಿಯ ಗುಂಟ ಓಡಿಸುವುದು ಅವರ ಉಪಾಯ. 1920ರ ದಶಕದಲ್ಲಿ ಒಂದು ವಿದ್ಯುತ್ ಕಂಪನಿ ಅವರ ಪೇಟೆಂಟುಗಳನ್ನು ಬಳಸಿಕೊಂಡು ನ್ಯೂಯಾರ್ಕಿನ ಸ್ಟೇಟನ್ ಐಲೆಂಡ್‌ನಲ್ಲಿ ಮನೆಗಳಿಗೆ ಕರೆಂಟಿನ ತಂತಿಯಲ್ಲೇ ಸಂಗೀತ ಕಳಿಸುವ ಪ್ರಯೋಗ ಮಾಡಿತು. ಗಾಳಿಯಲ್ಲಿ ಬರುವ ರೇಡಿಯೊ ಬಿಟ್ಟಿಯಾಗಿ ಸಿಗತೊಡಗಿದ ಮೇಲೆ ಮನೆಗಳಲ್ಲಿ ಅದಕ್ಕೆ ಗಿರಾಕಿ ಉಳಿಯಲಿಲ್ಲ. 1934ರಲ್ಲಿ ಆ ಸಂಸ್ಥೆ 'ಮ್ಯೂಜಾಕ್' ಎಂಬ ಹೆಸರು ಪಡೆದು, ಟೆಲಿಫೋನ್ ತಂತಿಗೆ ಬದಲಾಗಿ, ಹೋಟೆಲು ಅಂಗಡಿಗಳಿಗೆ ಸಂಗೀತ ಒದಗಿಸುವ ವ್ಯಾಪಾರಕ್ಕೆ ಇಳಿಯಿತು. ಇಂಟರ್‌ನೆಟ್ಟಿನ ವಿಷಯದಲ್ಲಿ 70 ವರ್ಷದ ನಂತರ ನಡೆದದ್ದೂ ಬಹುಮಟ್ಟಿಗೆ ಇದೇ ಕಥೆ.

ಮನೆಗಳಲ್ಲಿ ನಿಲ್ಲದ ಈ ವಿದ್ಯೆ ವಿದ್ಯುತ್ ಇಲಾಖೆಗಳಲ್ಲಿ ಮಾತ್ರ ಗಟ್ಟಿಯಾಗಿ ಬೇರೂರಿತು. ನಮ್ಮ ರಾಜ್ಯದ ಸಬ್‌ಸ್ಟೇಷನ್‌ಗಳಲ್ಲಿ ಕೆಲಸ ಮಾಡಿದವರಿಗೆ ಪಿಎಲ್‌ಸಿಸಿ ಎಂಬ ಹೆಸರು ಚಿರಪರಿಚಿತ. ಪವರ್ ಲೈನ್ ಕ್ಯಾರಿಯರ್ ಕಮ್ಯುನಿಕೇಷನ್ ಎಂಬುದರ ಚುಟುಕು ರೂಪ ಅದು. ಊರ ಹೊರಗಿನ ದೊಡ್ಡ ಸಬ್‌ಸ್ಟೇಷನ್ನಿನ ಅಂಗಳದಲ್ಲಿ ಡ್ರಮ್ಮಿನ ಆಕಾರದ ದೊಡ್ಡ ಸುರುಳಿಯೊಂದು ಲೈನಿಗೆ ಜೋತುಬಿದ್ದಿರುವುದನ್ನು ನೀವು ನೋಡಿರಬಹುದು. ಅದು ವೇವ್ ಟ್ರ್ಯಾಪ್. 50 ಹರ್ಟ್ಸ್ ಕರೆಂಟನ್ನು ಸಲೀಸಾಗಿ ಒಳಕ್ಕೆ ಬಿಟ್ಟು, ಅದರ ಜೊತೆ ಬಂದ ಮಾತಿನ ಅಲೆಯನ್ನು ತಡೆದು ನಿಲ್ಲಿಸುವುದು ಅದರ ಕೆಲಸ. ತಡೆದ ಮಾತನ್ನು ಪಕ್ಕದ ಕಪ್ಲಿಂಗ್ ಕೆಪಾಸಿಟರ್ ಎತ್ತಿಕೊಂಡು ಕಂಟ್ರೋಲ್ ರೂಮಿನ ಟೆಲಿಫೋನಿಗೆ ತಲುಪಿಸುತ್ತದೆ. ಮಳೆಗಾಲದ ರಾತ್ರಿ ಊರಿನ ಫೋನುಗಳೆಲ್ಲ ಸತ್ತು ಮಲಗಿದ್ದಾಗಲೂ ನಾವು ಹೈ ಟೆನ್ಷನ್ ಲೈನಿನ ಮೇಲೆ ಪಕ್ಕದ ಜಿಲ್ಲೆಯ ಸ್ಟೇಷನ್ನಿನವರ ಜೊತೆ ಮಾತಾಡುತ್ತಿದ್ದೆವು. ಮಾತು ಗೊರಗೊರ ಎನ್ನುತ್ತಿತ್ತು. ಆದರೆ "ಲೈನ್ ಕ್ಲಿಯರ್ ಕೊಟ್ಟಿದ್ದೇನೆ" ಎನ್ನುವ ಒಂದು ಮಾತು ಸರಿಯಾಗಿ ಕೇಳಿಸಿದರೆ ಕಂಬದ ಮೇಲಿನ ಮನುಷ್ಯನ ಜೀವ ಉಳಿಯುತ್ತದೆ, ನಮಗೆ ಅಷ್ಟು ಸಾಕಾಗಿತ್ತು.

ಹಾಗಾದರೆ ಮಾತನ್ನು ಹೊತ್ತ ತಂತಿ ಇಂಟರ್‌ನೆಟ್ಟನ್ನು ಏಕೆ ಹೊರಲಾರದು? ಇದಕ್ಕೆ ತಂತಿಯ ಒಳಗೆ ನಡೆಯುವುದನ್ನು ಸ್ವಲ್ಪ ತಿಳಿದುಕೊಳ್ಳಬೇಕು.

ಒಂದೇ ಹೊಲ, ಎರಡು ಬೆಳೆ

ರಾಗಿ ಹೊಲದಲ್ಲಿ ನಮ್ಮ ಹಿರಿಯರು ಅಕ್ಕಡಿ ಸಾಲು ಹಾಕುತ್ತಿದ್ದರು. ರಾಗಿಯ ನಡುವೆ ಅವರೆ, ತೊಗರಿ. ಹೊಲ ಒಂದೇ, ಬೆಳೆ ಎರಡು, ಒಂದಕ್ಕೊಂದು ಅಡ್ಡಿಯಿಲ್ಲ. ವಿದ್ಯುತ್ ತಂತಿಯ ಇಂಟರ್‌ನೆಟ್ಟಿನ ಲೆಕ್ಕಾಚಾರವೂ ಇದೇ. ಮನೆಗೆ ಬರುವ ಕರೆಂಟು ಸೆಕೆಂಡಿಗೆ 50 ಸಲ ಕಂಪಿಸುತ್ತದೆ. ಅದರ ಮೇಲೆ ಸೆಕೆಂಡಿಗೆ 20 ಲಕ್ಷದಿಂದ 3 ಕೋಟಿ ಸಲ, ಅಂದರೆ 2ರಿಂದ 30 ಮೆಗಾಹರ್ಟ್ಸ್, ಕಂಪಿಸುವ ತೀರ ಸಣ್ಣ ಅಲೆಗಳನ್ನು ಸವಾರಿ ಮಾಡಿಸಬಹುದು. ಕಂಪನದ ವೇಗದಲ್ಲಿ ಅಷ್ಟು ಅಂತರ ಇರುವುದರಿಂದ ಮನೆಯ ಪ್ಲಗ್ಗಿನಲ್ಲಿ ಒಂದು ಮೋಡೆಮ್ ಚುಚ್ಚಿದರೆ ಜರಡಿ ಹಿಡಿದಂತೆ ಎರಡನ್ನೂ ಬೇರ್ಪಡಿಸಿಕೊಳ್ಳಬಹುದು. ಕಾಗದದ ಮೇಲೆ ಇದರಲ್ಲಿ ತಪ್ಪೇನೂ ಇಲ್ಲ.

ತೊಡಕು ಇರುವುದು ಹೊಲದಲ್ಲಿ. ಮೊದಲನೆಯ ತೊಡಕು ಗಲಾಟೆ. ಮನೆಯಲ್ಲಿ ಮಿಕ್ಸಿ ಹಾಕಿದರೆ, ಬಾವಿಯ ಪಂಪ್‌ಸೆಟ್ ಚಾಲೂ ಮಾಡಿದರೆ ರೇಡಿಯೊ ಗೊರಗೊರ ಎನ್ನುತ್ತಿದ್ದುದು ನನ್ನ ವಯಸ್ಸಿನವರಿಗೆಲ್ಲ ನೆನಪಿದೆ. ಮೋಟಾರು, ಟ್ಯೂಬ್‌ಲೈಟಿನ ಚೋಕು, ಫ್ಯಾನಿನ ರೆಗ್ಯುಲೇಟರು ಎಲ್ಲವೂ ತಂತಿಗೆ ಸದ್ದು ತುಂಬುತ್ತವೆ. ಆ ಸಂತೆಯಲ್ಲಿ ಇಂಟರ್‌ನೆಟ್ಟಿನ ಸಣ್ಣ ದನಿ ಕೇಳಿಸಬೇಕು.

ಎರಡನೆಯದು ಟಿಸಿ. ಟ್ರಾನ್ಸ್‌ಫಾರ್ಮರ್ ಮಾಡಿರುವುದು 50 ಹರ್ಟ್ಸ್ ಕರೆಂಟಿಗಾಗಿ. ಲಕ್ಷಗಟ್ಟಲೆ ಕಂಪನದ ಅಲೆ ಅದರ ಸುರುಳಿಗಳಲ್ಲಿ ಸಿಕ್ಕಿ ಅಡಗಿಹೋಗುತ್ತದೆ. ಹಾಗಾಗಿ ಇಂಟರ್‌ನೆಟ್ಟನ್ನು 11 ಕೆವಿ ಲೈನಿನಲ್ಲಿ ತಂದರೆ, ಪ್ರತಿ ಟಿಸಿಯ ಹತ್ತಿರವೂ ಅದನ್ನು ಬಳಸಿ ದಾಟಿಸುವ ಒಂದು ಪೆಟ್ಟಿಗೆ ಬೇಕು. ದಾರಿಯುದ್ದಕ್ಕೂ ದಣಿಯುವ ಸಂಕೇತಕ್ಕೆ ಮತ್ತೆ ಜೀವ ತುಂಬಲು ಅಲ್ಲಲ್ಲಿ ರಿಪೀಟರ್ ಬೇಕು.

ಮೂರನೆಯದು ಎಲ್ಲಕ್ಕಿಂತ ದೊಡ್ಡದು. ಟೆಲಿಫೋನ್ ಕೇಬಲ್ಲಿನೊಳಗೆ ಎರಡು ತಂತಿಗಳನ್ನು ಒಂದಕ್ಕೊಂದು ಹೊಸೆದಿರುತ್ತಾರೆ. ಟಿವಿ ಕೇಬಲ್ಲಿಗೆ ಸುತ್ತ ಲೋಹದ ಹೊದಿಕೆ ಇರುತ್ತದೆ. ಎರಡೂ ಸಂಕೇತ ಹೊರಗೆ ಸೋರದಂತೆ ಮಾಡಿದ ವ್ಯವಸ್ಥೆ. ಕಂಬದ ಮೇಲಿನ ಕರೆಂಟಿನ ತಂತಿಗಳೋ ಬರಿಮೈಯಲ್ಲಿ, ಒಂದಕ್ಕೊಂದು ಮಾರುದ್ದ ದೂರದಲ್ಲಿ ಸಾಗುತ್ತವೆ. ಅಂಥ ತಂತಿಗೆ ಮೆಗಾಹರ್ಟ್ಸ್ ಅಲೆ ತುಂಬಿದರೆ ತಂತಿಯೇ ಒಂದು ಆಂಟೆನಾ ಆಗಿ ಸುತ್ತಲೂ ರೇಡಿಯೊ ಬಿತ್ತರಿಸತೊಡಗುತ್ತದೆ. ಅದು ಬಿತ್ತರಿಸುವುದು ಬೇರೆಯವರ ಜಾಗದಲ್ಲಿ. 3ರಿಂದ 30 ಮೆಗಾಹರ್ಟ್ಸ್ ಎಂದರೆ ಶಾರ್ಟ್‌ವೇವ್. ನಾವು ರೇಡಿಯೊ ಸಿಲೋನ್ ಹಿಡಿಯುತ್ತಿದ್ದ ಪಟ್ಟಿ ಅದು. ದೂರದ ವಿಮಾನಗಳು, ಹಡಗುಗಳು, ಸೇನೆಯವರು, ಹ್ಯಾಮ್ ರೇಡಿಯೊದವರು ಮಾತಾಡುವುದೂ ಅಲ್ಲಿಯೇ.

ಮ್ಯಾಂಚೆಸ್ಟರಿನ ಒಂದು ಶಾಲೆ

ಈ ಪ್ರಯೋಗದ ದೊಡ್ಡ ಸುದ್ದಿ ಹೊರಬಿದ್ದದ್ದು 1997ರ ಅಕ್ಟೋಬರಿನಲ್ಲಿ, ಇಂಗ್ಲೆಂಡಿನಲ್ಲಿ. ಕೆನಡಾದ ನಾರ್ಟೆಲ್ ಎಂಬ ದೂರಸಂಪರ್ಕ ಕಂಪನಿ ಮತ್ತು ಮ್ಯಾಂಚೆಸ್ಟರ್ ಕಡೆಗೆ ವಿದ್ಯುತ್ ಪೂರೈಸುತ್ತಿದ್ದ ನಾರ್‌ವೆಬ್ ಸೇರಿ, ಕರೆಂಟಿನ ತಂತಿಯಲ್ಲಿ ಸೆಕೆಂಡಿಗೆ 1 ಮೆಗಾಬಿಟ್ ವೇಗದ ಇಂಟರ್‌ನೆಟ್ ಕೊಡುತ್ತೇವೆ ಎಂದು ಪ್ರಕಟಿಸಿದವು. ಆಗ ಜನ ಬಳಸುತ್ತಿದ್ದುದು ಟೆಲಿಫೋನಿಗೆ ಜೋಡಿಸಿದ ಡಯಲ್-ಅಪ್ ಮೋಡೆಮ್. ಅದರ ವೇಗ ಹೆಚ್ಚೆಂದರೆ 56 ಕಿಲೋಬಿಟ್, ಅದರ ಮೇಲೆ ನಿಮಿಷದ ಲೆಕ್ಕದಲ್ಲಿ ಫೋನ್ ಬಿಲ್ಲು. ನಮ್ಮ ದೇಶದಲ್ಲಿ ವಿಎಸ್‌ಎನ್‌ಎಲ್ ಸಾರ್ವಜನಿಕರಿಗೆ ಇಂಟರ್‌ನೆಟ್ ಕೊಡಲು ಶುರುಮಾಡಿ (1995ರ ಆಗಸ್ಟ್ 15) ಇನ್ನೂ ಎರಡೇ ವರ್ಷ ಆಗಿತ್ತು. ಅಂಥ ಕಾಲದಲ್ಲಿ ಗೋಡೆಯ ಪ್ಲಗ್ಗಿನಿಂದ 1 ಮೆಗಾಬಿಟ್ ಎಂದರೆ ಪವಾಡವೇ.

ಆ ಪ್ರಯೋಗದಲ್ಲಿ ಮೊದಲು ಸಂಪರ್ಕ ಪಡೆದ ಕಟ್ಟಡಗಳಲ್ಲಿ ಟ್ರಾಫರ್ಡ್‌ನ ಸೀಮೋರ್ ಪಾರ್ಕ್ ಪ್ರಾಥಮಿಕ ಶಾಲೆಯೂ ಒಂದು. ಹೊಸ ವಿದ್ಯೆ ಬಂದಾಗ ಮೊದಲು ಶಾಲೆಗೆ ಕೊಟ್ಟು ತೋರಿಸುವುದು ಎಲ್ಲ ದೇಶಗಳಲ್ಲೂ ಇರುವ ಪದ್ಧತಿ. ಮಕ್ಕಳು ಕಂಪ್ಯೂಟರಿನ ಮುಂದೆ ಕುಳಿತರೆ ಯಾರೂ ಬೇಡ ಎನ್ನುವುದಿಲ್ಲ.

ಇಂಗ್ಲೆಂಡಿನಲ್ಲಿ ಎರಡು ಅನುಕೂಲಗಳಿದ್ದವು. ಪಟ್ಟಣಗಳಲ್ಲಿ ವಿದ್ಯುತ್ ಕೇಬಲ್ ನೆಲದೊಳಗಿತ್ತು, ಆದ್ದರಿಂದ ಸೋರಿಕೆ ಕಡಿಮೆ. ಒಂದು ಟ್ರಾನ್ಸ್‌ಫಾರ್ಮರಿನಿಂದ ನೂರಾರು ಮನೆಗಳಿಗೆ ಕರೆಂಟು ಹೋಗುತ್ತಿತ್ತು, ಆದ್ದರಿಂದ ಒಂದು ಪೆಟ್ಟಿಗೆಯ ಖರ್ಚು ನೂರಾರು ಮನೆಗಳಿಗೆ ಹಂಚಿಹೋಗುತ್ತಿತ್ತು. ಆದರೂ ಒಂದು ಕಡೆ ಅಲೆ ನೆಲದಿಂದ ಮೇಲೆದ್ದು ಬಂತು. ಅದೇ ಕೇಬಲ್ಲಿಗೆ ಜೋಡಿಸಿದ ಬೀದಿದೀಪಗಳು! ದೀಪದ ಕಂಬದ ಎತ್ತರ ಆ ಅಲೆಗಳನ್ನು ಬಿತ್ತರಿಸಲು ಹೇಳಿ ಮಾಡಿಸಿದ ಹಾಗಿತ್ತು. ಸಾಲುದೀಪಗಳು ಸಾಲು ಆಂಟೆನಾಗಳಾದವು. ರೇಡಿಯೊ ಬಳಸುವ ಸಂಸ್ಥೆಗಳು ಆಕ್ಷೇಪಿಸಿದವು. ಇತ್ತ ಟೆಲಿಫೋನ್ ತಂತಿಯಲ್ಲೇ ವೇಗ ಹೆಚ್ಚಿಸುವ ಡಿಎಸ್‌ಎಲ್ ವಿದ್ಯೆ ಮಾರುಕಟ್ಟೆಗೆ ಬರುತ್ತಿತ್ತು. ವ್ಯಾಪಾರ ಗಿಟ್ಟುವುದಿಲ್ಲವೆಂದು ಕಂಡ ಕಂಪನಿಗಳು 1999ರ ಸೆಪ್ಟೆಂಬರಿನಲ್ಲಿ, ಎರಡೇ ವರ್ಷಕ್ಕೆ, ಅಂಗಡಿ ಮುಚ್ಚಿದವು.

ಜರ್ಮನಿಯಲ್ಲೂ ಬಹುಮಟ್ಟಿಗೆ ಹೀಗೇ ಆಯಿತು. ಸೀಮೆನ್ಸ್ 2001ರಲ್ಲಿ ಹಿಂದೆ ಸರಿಯಿತು. ಆರ್‌ಡಬ್ಲ್ಯುಇ ಎಂಬ ವಿದ್ಯುತ್ ಕಂಪನಿ 2001ರಲ್ಲಿ ಸೇವೆ ಶುರುಮಾಡಿ ಮರುವರ್ಷವೇ ನಿಲ್ಲಿಸಿತು. ಮ್ಯಾನ್‌ಹೈಮ್ ನಗರದಲ್ಲಿ ಕೆಲವು ವರ್ಷ ನಡೆಯಿತು.

ಅಮೆರಿಕದ ಮೂರನೆಯ ತಂತಿ

ಇಷ್ಟಾದರೂ ಆಸೆ ಅಟ್ಲಾಂಟಿಕ್ ದಾಟಿತು. ಅಮೆರಿಕದ ಮನೆಗಳಿಗೆ ಇಂಟರ್‌ನೆಟ್ ಕೊಡುತ್ತಿದ್ದುದು ಎರಡೇ ತಂತಿ, ಟೆಲಿಫೋನಿನದು ಮತ್ತು ಕೇಬಲ್ ಟಿವಿಯದು. ಮೂರನೆಯ ತಂತಿಯಾಗಿ ಕರೆಂಟಿನದೂ ಬಂದರೆ ಪೈಪೋಟಿ ಹೆಚ್ಚಿ ಬೆಲೆ ಇಳಿಯುತ್ತದೆ, ಎರಡೂ ಇಲ್ಲದ ಹಳ್ಳಿಗಳಿಗೂ ಇಂಟರ್‌ನೆಟ್ ಸಿಗುತ್ತದೆ ಎಂಬುದು ಅಲ್ಲಿನ ಸರ್ಕಾರದ ಲೆಕ್ಕ. ದೂರಸಂಪರ್ಕ ನಿಯಂತ್ರಣ ಆಯೋಗದ ಅಧ್ಯಕ್ಷರಾಗಿದ್ದ ಮೈಕೆಲ್ ಪೊವೆಲ್ ಇದರ ದೊಡ್ಡ ಬೆಂಬಲಿಗರು. 2004ರ ಅಕ್ಟೋಬರ್ 14ರಂದು ಆಯೋಗ ಇದಕ್ಕೆ ನಿಯಮಗಳನ್ನು ರೂಪಿಸಿತು. 2005ರಲ್ಲಿ ಗೂಗಲ್ ಕೂಡ ಈ ವ್ಯವಹಾರದ 'ಕರೆಂಟ್' ಎಂಬ ಕಂಪನಿಯಲ್ಲಿ ಹಣ ಹೂಡಿತು. ನಮ್ಮ ದೇಶ ತನ್ನ ಮೊದಲ ಬ್ರಾಡ್‌ಬ್ಯಾಂಡ್ ನೀತಿ ಪ್ರಕಟಿಸಿದ್ದೂ 2004ರಲ್ಲೇ. ಅದರ ಪ್ರಕಾರ 256 ಕಿಲೋಬಿಟ್ ವೇಗ ಇದ್ದರೆ ಬ್ರಾಡ್‌ಬ್ಯಾಂಡ್! ಆ ದಿನಗಳಲ್ಲಿ ನಮ್ಮ ಸಬ್‌ಸ್ಟೇಷನ್ನಿನ ಚಹಾದ ಹೊತ್ತಿನಲ್ಲೂ ಇದೇ ಮಾತು. "ಇನ್ನು ಮೇಲೆ ಫ್ಯೂಸು ಹೋದರೂ ನಮಗೇ ಬೈಗುಳ, ಇಂಟರ್‌ನೆಟ್ ಹೋದರೂ ನಮಗೇ ಬೈಗುಳ" ಎಂದು ಲೈನ್‌ಮನ್‌ಗಳು ನಗುತ್ತಿದ್ದರು.

ಅಲ್ಲಿ ಇದಕ್ಕೆ ಎದುರು ನಿಂತವರು ಹ್ಯಾಮ್ ರೇಡಿಯೊದವರು, ಅಂದರೆ ಹವ್ಯಾಸಕ್ಕಾಗಿ ರೇಡಿಯೊ ಕಟ್ಟಿಕೊಂಡು ದೇಶದೇಶಗಳ ಜೊತೆ ಮಾತಾಡುವವರು. ನಾಲ್ಕು ಜನರ ಹವ್ಯಾಸಕ್ಕಾಗಿ ಹಳ್ಳಿಗಳ ಇಂಟರ್‌ನೆಟ್ ತಪ್ಪಬೇಕೇ ಎಂದು ಮೇಲುನೋಟಕ್ಕೆ ಅನಿಸಬಹುದು. ಆದರೆ 2004ರ ಡಿಸೆಂಬರ್ 26ರಂದು ಸುನಾಮಿ ಬಡಿದು ಅಂಡಮಾನಿನಲ್ಲಿ ಸಂಪರ್ಕ ಕಡಿದುಹೋದಾಗ, ಪೋರ್ಟ್ ಬ್ಲೇರ್‌ನಲ್ಲಿದ್ದ ಹ್ಯಾಮ್ ತಂಡವೇ ಇದ್ದವರು ಇಲ್ಲದವರ ಸುದ್ದಿಯನ್ನು ಹೊರಗೆ ಮುಟ್ಟಿಸಿತು. ಕಂಬ, ತಂತಿ, ಟವರ್ ಎಲ್ಲ ಬಿದ್ದ ದಿನ ಉಳಿಯುವುದು ಶಾರ್ಟ್‌ವೇವ್ ಒಂದೇ. ಅಮೆರಿಕದ ಹ್ಯಾಮ್‌ಗಳ ಸಂಘ ನ್ಯಾಯಾಲಯಕ್ಕೆ ಹೋಯಿತು. ಆಯೋಗ ತಾನು ನೆಚ್ಚಿಕೊಂಡ ತಾಂತ್ರಿಕ ಅಧ್ಯಯನಗಳ ಕೆಲವು ಭಾಗಗಳನ್ನು ಮುಚ್ಚಿಟ್ಟು ನಿಯಮ ಮಾಡಿದ್ದು ಸರಿಯಲ್ಲ ಎಂದು 2008ರ ಏಪ್ರಿಲಿನಲ್ಲಿ ಮೇಲ್ಮನವಿ ನ್ಯಾಯಾಲಯ ಹೇಳಿತು. ಜನರ ಹೆಸರಿನಲ್ಲಿ ತರುವ ಯೋಜನೆಯಾದರೂ ಅದರ ಲೆಕ್ಕಪತ್ರ ಜನರ ಮುಂದಿರಬೇಕು ಎಂಬುದು ಆ ತೀರ್ಪಿನಿಂದ ನಾನು ತಿಳಿದುಕೊಂಡ ಅರ್ಥ.

ಮನಾಸಸ್ ನಗರದ ಲೆಕ್ಕ

ಅಮೆರಿಕದಲ್ಲಿ ಇಡೀ ಊರಿಗೆ ಕರೆಂಟಿನ ತಂತಿಯಲ್ಲಿ ಇಂಟರ್‌ನೆಟ್ ಕೊಟ್ಟ ಮೊದಲ ನಗರ ವರ್ಜೀನಿಯಾ ರಾಜ್ಯದ ಮನಾಸಸ್. ನಮ್ಮ ಒಂದು ತಾಲ್ಲೂಕು ಕೇಂದ್ರದಷ್ಟು ದೊಡ್ಡ ಊರು. ಅಲ್ಲಿ ವಿದ್ಯುತ್ ಸರಬರಾಜು ನಗರಸಭೆಯದೇ. 2005ರ ಅಕ್ಟೋಬರಿನಲ್ಲಿ ಒಂದು ಖಾಸಗಿ ಸಂಸ್ಥೆಯ ಜೊತೆ ಸೇರಿ ಸೇವೆ ಆರಂಭಿಸಿದರು. ತಿಂಗಳಿಗೆ 29 ಡಾಲರಿಗೂ ಸ್ವಲ್ಪ ಕಡಿಮೆ ಬೆಲೆ. ದೇಶಕ್ಕೆಲ್ಲ ಅದೇ ಮಾದರಿ ಎಂದು ಪತ್ರಿಕೆಗಳು ಬರೆದವು.

ಸೇವೆ ಪಡೆಯಬಹುದಾಗಿದ್ದ ಮನೆಗಳು ಸಾವಿರಾರು. ಕೊನೆಗೆ ಉಳಿದ ಗಿರಾಕಿಗಳು ಸುಮಾರು 500. ನಡುವೆ ಖಾಸಗಿ ಸಂಸ್ಥೆ ಕೈಬಿಟ್ಟು ನಗರಸಭೆಯೇ ನಡೆಸಬೇಕಾಯಿತು. ಅಕ್ಕಪಕ್ಕದ ಹ್ಯಾಮ್‌ಗಳ ದೂರುಗಳು ನಿಲ್ಲಲಿಲ್ಲ. ಟೆಲಿಫೋನ್ ಮತ್ತು ಕೇಬಲ್ ಕಂಪನಿಗಳು ಅಷ್ಟರಲ್ಲಿ ಹೆಚ್ಚು ವೇಗ ಕೊಡತೊಡಗಿದ್ದವು. ಬರುವ ಹಣ ಸಾಲದೆ 2010ರಲ್ಲಿ ನಗರಸಭೆ ಸೇವೆಯನ್ನು ನಿಲ್ಲಿಸಿತು.

ಮೂರನೆಯ ತಂತಿ ನಿಜವಾಗಿ ಬೇಕಾಗಿದ್ದುದು ಇಂಥ ಪಟ್ಟಣಗಳಿಗಲ್ಲ, ಬೇರೆ ಏನೂ ಇಲ್ಲದ ಹಳ್ಳಿಗಳಿಗೆ. ಅಲ್ಲಿಗೂ ಒಂದು ಪ್ರಯತ್ನ ಹೋಯಿತು. ಅಲಬಾಮಾದ ಐಬಿಇಸಿ ಎಂಬ ಸಣ್ಣ ಕಂಪನಿ ಐಬಿಎಂ ಜೊತೆ ಸೇರಿ, ಗ್ರಾಮೀಣ ವಿದ್ಯುತ್ ಸಹಕಾರ ಸಂಘಗಳ ಲೈನುಗಳಲ್ಲಿ ಇಂಟರ್‌ನೆಟ್ ಕೊಡಲು 2008ರಲ್ಲಿ ಹೊರಟಿತು. 2011ರ ಏಪ್ರಿಲಿನಲ್ಲಿ ಅಲಬಾಮಾವನ್ನು ಬಡಿದ ಸುಂಟರಗಾಳಿಗಳು ಲೈನುಗಳ ಜೊತೆ ಅದರ ಉಪಕರಣಗಳನ್ನೂ ಹಾಳುಮಾಡಿದವು. 2012ರ ಆರಂಭದಲ್ಲಿ ಆ ಕಂಪನಿಯೂ ಬಾಗಿಲು ಹಾಕಿತು.

ಕೊನೆಯ ಮನೆಯ ಖರ್ಚು

ನನ್ನ ತಿಳಿವಳಿಕೆಯಲ್ಲಿ ಈ ಚರಿತ್ರೆಯ ತಿರುಳು ಇರುವುದು ಇಲ್ಲಿ. "ತಂತಿ ಹೇಗಿದ್ದರೂ ಇದೆ, ಹೊಸ ಖರ್ಚಿಲ್ಲ" ಎಂಬುದೇ ಈ ಯೋಜನೆಯ ಬಂಡವಾಳ. ಆದರೆ ತಂತಿ ಬಿಟ್ಟಿ ಸಿಕ್ಕರೂ ಪೆಟ್ಟಿಗೆಗಳು ಬಿಟ್ಟಿಯಲ್ಲ. ಮನೆಗಳು ಒತ್ತಾಗಿರುವ ಕಡೆ ಒಂದು ಟಿಸಿಯ ಪೆಟ್ಟಿಗೆಯ ಖರ್ಚನ್ನು ನೂರು ಮನೆ ಹಂಚಿಕೊಳ್ಳುತ್ತವೆ. ಅಮೆರಿಕದಲ್ಲಿ ಕಂಬದ ಮೇಲಿನ ಒಂದು ಟ್ರಾನ್ಸ್‌ಫಾರ್ಮರಿಗೆ ಬರುವುದು ಕೆಲವೇ ಮನೆಗಳು. ಹಳ್ಳಿಯ ಕಡೆ ಹೋದಷ್ಟೂ ಅದು ಎರಡಕ್ಕೆ, ಒಂದಕ್ಕೆ ಇಳಿಯುತ್ತದೆ. ಮನೆ ದೂರವಾದಷ್ಟೂ ರಿಪೀಟರ್ ಹೆಚ್ಚು, ಹಣ ಕೊಡುವವರು ಕಡಿಮೆ. ಅಂದರೆ ಯಾರಿಗೆ ಬೇರೆ ದಾರಿಯೇ ಇರಲಿಲ್ಲವೋ ಅವರ ಮನೆ ಬಾಗಿಲಲ್ಲೇ ಈ ವಿದ್ಯೆ ಎಲ್ಲಕ್ಕಿಂತ ದುಬಾರಿಯಾಯಿತು. ಪಟ್ಟಣದಲ್ಲಿ ಅದು ಬೇಕಿರಲಿಲ್ಲ, ಹಳ್ಳಿಯಲ್ಲಿ ಅದು ಗಿಟ್ಟಲಿಲ್ಲ.

ನಮ್ಮ ಕಡೆಯ ಲೈನುಗಳಿಗೆ ಈ ಲೆಕ್ಕ ಹಾಕಿ ನೋಡಿ. ಊರೊಳಗಿನ 100 ಕೆವಿಎ ಟಿಸಿಯಿಂದ ಹಲವು ಹತ್ತು ಮನೆಗಳಿಗೆ ಕರೆಂಟು ಹೋಗಬಹುದು. ತೋಟದ ಕಡೆಯ 25 ಕೆವಿಎ ಟಿಸಿಗೆ ಕೆಲವು ಪಂಪ್‌ಸೆಟ್ಟು, ಎರಡು ಮೂರು ಮನೆ. ಅಲ್ಲಿಂದ ಹೊರಟ ತಂತಿ ಎಷ್ಟು ಕಡೆ ತುಂಡಾಗಿ ಗಂಟು ಹಾಕಿಸಿಕೊಂಡಿದೆ, ಎಷ್ಟು ತೆಂಗಿನ ಗರಿಗಳಿಗೆ ಉಜ್ಜುತ್ತಿದೆ ಎಂಬುದು ನಿಮ್ಮ ಊರ ಲೈನ್‌ಮನ್‌ಗೆ ಗೊತ್ತು. ಒಂದೊಂದು ಗಂಟೂ, ಒಂದೊಂದು ಕವಲೂ ಆ ಸಣ್ಣ ಅಲೆಯನ್ನು ಒಂದಿಷ್ಟು ತಿನ್ನುತ್ತದೆ. ಪಂಪು ಚಾಲೂ ಆದಾಗಿನ ಗಲಾಟೆ ಬೇರೆ. ಬಲ್ಬು ಇಂಥ ತಂತಿಯಲ್ಲೂ ಉರಿಯುತ್ತದೆ, ಏಕೆಂದರೆ ಬಲ್ಬಿಗೆ ಬೇಕಾದದ್ದು ಬರೀ ಶಕ್ತಿ. ಪಾಠಕ್ಕೆ ಬೇಕಾದದ್ದು ಕೆಡದೆ ಬರುವ ಅಕ್ಷರ. ಗುಡ್ಡ ಹತ್ತಿದ ಹುಡುಗನ ತಾಯಿಗೆ ನಾನು ಕೊಡಬಹುದಾದ ಉತ್ತರ ಇದು.

ಸೋತ ವಿದ್ಯೆ ಹಾಳಾಗಲಿಲ್ಲ

ಊರಿಂದೂರಿಗೆ ಓಡಲಾರದ ಅಲೆ ಮನೆಯ ನಾಲ್ಕು ಗೋಡೆಯೊಳಗೆ ಚೆನ್ನಾಗಿಯೇ ಓಡಿತು. ಒಂದು ಕೋಣೆಯ ಪ್ಲಗ್ಗಿನಿಂದ ಇನ್ನೊಂದು ಕೋಣೆಯ ಪ್ಲಗ್ಗಿಗೆ ಇಂಟರ್‌ನೆಟ್ ಸಾಗಿಸುವ ಅಡಾಪ್ಟರುಗಳಿಗೆ 2001ರಲ್ಲಿ 'ಹೋಮ್‌ಪ್ಲಗ್' ಎಂಬ ಮಾನದಂಡ ಬಂತು. ಅದರ ಮೊದಲ ಆವೃತ್ತಿಯ ವೇಗ ಸೆಕೆಂಡಿಗೆ 14 ಮೆಗಾಬಿಟ್, 2005ರ ಆವೃತ್ತಿಯದು ಕಾಗದದ ಮೇಲೆ 200 ಮೆಗಾಬಿಟ್. ದಪ್ಪ ಗೋಡೆಯ ಮನೆಗಳಲ್ಲಿ ವೈಫೈ ದಾಟದ ಕಡೆ ಜನ ಇವನ್ನು ಈಗಲೂ ಬಳಸುತ್ತಾರೆ.

ಇನ್ನೊಂದು ಉಪಯೋಗ ಮೀಟರ್ ಓದುವುದು. ಮೀಟರಿನ ಅಂಕಿ ಕಳಿಸಲು ವೇಗ ಬೇಕಿಲ್ಲ, ನಿಧಾನದ ಕಡಿಮೆ ಕಂಪನದ ಅಲೆ ಸಾಕು. ಅದು ಹೆಚ್ಚು ಸೋರುವುದೂ ಇಲ್ಲ. ಇಟಲಿಯ ಎನೆಲ್ ಕಂಪನಿ 2001ರಿಂದ ಆರಂಭಿಸಿ ಸುಮಾರು 3 ಕೋಟಿ ಮನೆಗಳಿಗೆ ಇಂಥ ಮೀಟರ್ ಹಾಕಿತು. ಫ್ರಾನ್ಸಿನಲ್ಲಿ 'ಲಿಂಕಿ' ಎಂಬ ಹೆಸರಿನ ಸುಮಾರು 3.5 ಕೋಟಿ ಮೀಟರುಗಳು ಮನೆಯಿಂದ ಟ್ರಾನ್ಸ್‌ಫಾರ್ಮರಿನವರೆಗೆ ತಂತಿಯ ಮೇಲೆಯೇ ಲೆಕ್ಕ ಒಪ್ಪಿಸುತ್ತವೆ. ಅಮೆರಿಕದ ಡಲ್ಲಾಸ್ ನಗರದಲ್ಲಿ 'ಕರೆಂಟ್' ಕಂಪನಿ ಇಂಟರ್‌ನೆಟ್ಟಿಗೆಂದು ಹಾಕಿದ ವ್ಯವಸ್ಥೆಯನ್ನು 2008ರಲ್ಲಿ ಅಲ್ಲಿನ ವಿದ್ಯುತ್ ಕಂಪನಿ 9 ಕೋಟಿ ಡಾಲರಿಗೆ ಕೊಂಡು, ತನ್ನ ಲೈನುಗಳ ಮೇಲೆ ಕಣ್ಣಿಡಲು ಬಳಸಿಕೊಂಡಿತು. ಸ್ಕ್ವಯರ್ ಕಾಲದಲ್ಲಿ ಆದ ಹಾಗೆಯೇ ವಿದ್ಯೆ ಮತ್ತೆ ವಿದ್ಯುತ್ ಇಲಾಖೆಗೇ ಮರಳಿತು.

ಕಂಬ ಹಿಡಿದು ಬಂತು

ಹಾಗಾದರೆ ಇಂಟರ್‌ನೆಟ್ಟಿಗೂ ವಿದ್ಯುತ್ ಜಾಲಕ್ಕೂ ನಂಟು ಮುಗಿಯಿತೇ? ಇಲ್ಲ. ಇಂಟರ್‌ನೆಟ್ ಕರೆಂಟಿನ ತಂತಿಯೊಳಗೆ ಬರಲಿಲ್ಲ, ಕರೆಂಟಿನ ಕಂಬವನ್ನು ಹಿಡಿದುಕೊಂಡು ಬಂತು.

ಹೈ ಟೆನ್ಷನ್ ಗೋಪುರಗಳ ನೆತ್ತಿಯಲ್ಲಿ ಸಿಡಿಲಿನಿಂದ ಲೈನನ್ನು ಕಾಯುವ ಒಂದು ಅರ್ತ್ ತಂತಿ ಇರುತ್ತದೆ. ಈಗ ಅದರ ಹೊಟ್ಟೆಯೊಳಗೆ ಕೂದಲೆಳೆಯಂಥ ಗಾಜಿನ ಎಳೆಗಳನ್ನು, ಅಂದರೆ ಆಪ್ಟಿಕಲ್ ಫೈಬರನ್ನು ಇಟ್ಟು ಎಳೆಯುತ್ತಾರೆ. ಫೈಬರಿನಲ್ಲಿ ಸಾಗುವುದು ಬೆಳಕು. ಅದಕ್ಕೆ ಪಂಪ್‌ಸೆಟ್ಟಿನ ಗಲಾಟೆ ತಾಗುವುದಿಲ್ಲ, ಅದು ರೇಡಿಯೊ ಬಿತ್ತರಿಸುವುದೂ ಇಲ್ಲ. ನಾವು ಗೊರಗೊರ ಮಾತಾಡುತ್ತಿದ್ದ ಪಿಎಲ್‌ಸಿಸಿಯ ಕೆಲಸವನ್ನು ಹಲವು ಲೈನುಗಳಲ್ಲಿ ಈಗ ಇದೇ ಮಾಡುತ್ತಿದೆ. ಊರುಗಳ ಒಳಗೂ ಅಷ್ಟೆ. ಕೇಬಲ್‌ನವರು ಕರೆಂಟಿನ ಕಂಬದಿಂದ ಕಂಬಕ್ಕೆ ಎಳೆದ ಕಪ್ಪು ಫೈಬರ್ ವಯರನ್ನು ನೀವೆಲ್ಲ ನೋಡಿದ್ದೀರಿ. ಗ್ರಾಮ ಪಂಚಾಯಿತಿಗಳಿಗೆ ಫೈಬರ್ ಮುಟ್ಟಿಸಲು ಕೇಂದ್ರ ಸರ್ಕಾರ 2011ರಲ್ಲಿ ಮಂಜೂರು ಮಾಡಿದ, ಈಗ ಭಾರತ್‌ನೆಟ್ ಎಂದು ಕರೆಯುವ ಯೋಜನೆಯಲ್ಲೂ ನೆಲ ಅಗೆಯುವುದರ ಜೊತೆಗೆ ಕಂಬದ ಮೇಲೆ ಎಳೆಯುವ ದಾರಿ ಸೇರಿತು.

ಅಮೆರಿಕದಲ್ಲಿ ಇದರ ಒಳ್ಳೆಯ ಉದಾಹರಣೆ ಟೆನೆಸಿ ರಾಜ್ಯದ ಚಾಟನೂಗ ನಗರ. ಅಲ್ಲಿನ ಇಪಿಬಿ ಎಂಬ ಸಾರ್ವಜನಿಕ ವಿದ್ಯುತ್ ಸಂಸ್ಥೆ ತಂತಿಯಲ್ಲೇ ಸಾಗಿಸುವ ಆಸೆಗೆ ಹೋಗದೆ, ಕೇಂದ್ರ ಸರ್ಕಾರದ 11 ಕೋಟಿ ಡಾಲರಿಗೂ ಹೆಚ್ಚಿನ ಅನುದಾನ ಪಡೆದು ತನ್ನ ಜಾಲದುದ್ದಕ್ಕೂ ಫೈಬರ್ ಎಳೆಯಿತು. 2010ರ ಸೆಪ್ಟೆಂಬರಿನಲ್ಲಿ ತನ್ನ ಇಡೀ ಪ್ರದೇಶದ ಮನೆಗಳಿಗೆ ಸೆಕೆಂಡಿಗೆ 1 ಗಿಗಾಬಿಟ್ ವೇಗ ಒದಗಿಸಿತು. ಮನಾಸಸ್ ತನ್ನ ಸೇವೆ ನಿಲ್ಲಿಸಿದ ವರ್ಷವೇ ಅದು. ಒಂದು ಊರು ಇದ್ದ ತಂತಿಯಲ್ಲೇ ಮುಗಿಸಲು ನೋಡಿತು, ಇನ್ನೊಂದು ಹೊಸ ಎಳೆಯನ್ನು ಎಳೆಯಿತು. ಎರಡೂ ಕಡೆ ಕೆಲಸ ಮಾಡಿದ್ದು ವಿದ್ಯುತ್ ಸಂಸ್ಥೆಯೇ.

ಕರೆಂಟು ಕೂಡ ಹಳ್ಳಿಗೆ ಬಂದದ್ದು ಹೀಗೆಯೇ. ಶಿವನಸಮುದ್ರದಲ್ಲಿ 1902ರಲ್ಲಿ ಉತ್ಪಾದನೆಯಾದ ವಿದ್ಯುತ್ತು ಮೊದಲು ಹೋದದ್ದು ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ. ಬೆಂಗಳೂರಿನ ದೀಪ ಬೆಳಗಿದ್ದು 1905ರಲ್ಲಿ. ಹಣ ಇದ್ದಲ್ಲಿಗೆ ತಂತಿ ತಾನಾಗಿ ಹೋಯಿತು, ಹಳ್ಳಿಯ ಕೊನೆಯ ಮನೆಗೆ ಮಾತ್ರ ಸಾರ್ವಜನಿಕ ಹಣ ಹಾಕಿ ಕೊಂಡೊಯ್ಯಬೇಕಾಯಿತು. ಅಮೆರಿಕದಲ್ಲೂ 1930ರ ದಶಕದ ನಡುವಿನಲ್ಲಿ ಹತ್ತು ರೈತ ಮನೆಗಳಲ್ಲಿ ಸುಮಾರು ಒಂದಕ್ಕೆ ಮಾತ್ರ ಕರೆಂಟಿತ್ತು. ಹಳ್ಳಿ ಗಿಟ್ಟುವುದಿಲ್ಲ ಎಂದು ಕಂಪನಿಗಳು ದೂರ ನಿಂತಾಗ, 1935ರಲ್ಲಿ ಸರ್ಕಾರ ಗ್ರಾಮೀಣ ವಿದ್ಯುದೀಕರಣದ ಆಡಳಿತ ಸ್ಥಾಪಿಸಿ ಸಾಲ ಕೊಟ್ಟಿತು, ರೈತರು ಸಹಕಾರ ಸಂಘ ಕಟ್ಟಿ ಕಂಬ ನೆಟ್ಟರು. ಅಂಥ ಎಷ್ಟೋ ಸಂಘಗಳು ಇಂದು ಅದೇ ಕಂಬಗಳ ಮೇಲೆ ಫೈಬರ್ ಎಳೆಯುತ್ತಿವೆ.

ನಮ್ಮೂರಿನ ಮಾತು

ಆದ್ದರಿಂದ ನಮ್ಮ ಶಾಲೆಯ ಮಕ್ಕಳಿಗೆ, ಊರಿನ ಹಿರಿಯರಿಗೆ ನಾನು ಹೇಳುವುದು ಇಷ್ಟು. ಹೊಸ ವಿದ್ಯೆಯೊಂದು ಬಂದು "ಇದ್ದದ್ದರಲ್ಲೇ ಎಲ್ಲ ಆಗಿಬಿಡುತ್ತದೆ, ಖರ್ಚೇ ಇಲ್ಲ" ಎಂದಾಗ ಸಂತೋಷಪಡಿ, ಆದರೆ ಲೈನಿನ ಕೊನೆಯ ಮನೆಗೆ ಅದರ ಲೆಕ್ಕ ಏನೆಂದು ಒಮ್ಮೆ ಕೇಳಿ. ಮೊದಲ ಮನೆಯಲ್ಲಿ ತೋರಿಸಿದ ಪ್ರಯೋಗದಿಂದ ಯಾವ ಯೋಜನೆಯ ಯೋಗ್ಯತೆಯೂ ತಿಳಿಯುವುದಿಲ್ಲ.

ಫೈಬರ್ ಪಂಚಾಯಿತಿ ಕಟ್ಟಡದವರೆಗೆ ಬಂದರೆ ಕೆಲಸ ಅರ್ಧ ಆದಂತೆ. ಅಲ್ಲಿಂದ ಶಾಲೆಗೆ, ಆಸ್ಪತ್ರೆಗೆ, ಕೊನೆಗೆ ತೋಟದ ಮನೆಗಳಿಗೆ ಅದು ಹೋಗಬೇಕಾದರೆ ಯಾರಾದರೂ ಕಂಬ ಎಣಿಸಬೇಕು, ಅರ್ಜಿ ಬರೆಯಬೇಕು, ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಬೇಕು. ಊರಿಗೆ ಕರೆಂಟು ಬೇಕೆಂದು ನಮ್ಮ ಹಿರಿಯರು ಹಾಗೆಯೇ ಕೇಳಿದ್ದರು. ಅಕ್ಷರ ಬರದವರು ಹೆಬ್ಬೆಟ್ಟು ಒತ್ತಿದ ಅರ್ಜಿಗಳಿಂದ ಎಷ್ಟೋ ಹಳ್ಳಿಗಳಿಗೆ ಬೆಳಕು ಬಂದಿದೆ. ಈ ಶಾಲೆ 50 ವರ್ಷಗಳಿಂದ ನಮಗೆ ಕಲಿಸಿರುವುದು ಅರ್ಜಿ ಬರೆಯುವಷ್ಟು ಅಕ್ಷರ, ಲೆಕ್ಕ ಕೇಳುವಷ್ಟು ಗಣಿತ. ಕಂಬ ಎಣಿಸುವ ಕೆಲಸಕ್ಕೆ ಹಳೆಯ ವಿದ್ಯಾರ್ಥಿಗಳ ಸಂಘ ಮುಂದಾದರೆ ನಾನೂ ಜೊತೆಗೆ ಬರುತ್ತೇನೆ. ಯಾವ ಟಿಸಿಯಿಂದ ಯಾವ ಮನೆಗೆ ಎಷ್ಟು ಕಂಬ ಎಂದು ಬರೆದ ಒಂದು ನಕ್ಷೆ ನಮ್ಮ ಕೈಯಲ್ಲಿದ್ದರೆ, ಕೇಳುವ ಕಡೆ ಕೇಳಲು ಅಷ್ಟರಮಟ್ಟಿಗೆ ಸುಲಭ.